ಓದೋ ಅಕ್ಕನ ಫೋಲ್ಡರ್

ದೀಪಾವಳಿ ರಜೆ ಮುಗಿದ ಮರುದಿನ ಹುಡುಗಿಯರು ಲ್ಯಾಬಿಗೆ ಬಂದು ಹೊಸ ಕಂಪ್ಯೂಟರುಗಳನ್ನು ಕೈಯಿಂದ ಸವರಿ ನೋಡಿದರು. ಪರದೆಗಳಿಗೆ ಅಂಟಿಸಿದ್ದ ತೆಳು ಪ್ಲಾಸ್ಟಿಕ್ಕನ್ನು ನಾನಿನ್ನೂ ಕಿತ್ತಿರಲಿಲ್ಲ. ಒಬ್ಬಳು ಅದನ್ನು ಮೂಸಿ, "ಹೊಸಾ ಬ್ಯಾಗ್ ವಾಸನಿ ಬರಾಕತ್ತದ" ಎಂದಳು. ಎಲ್ಲರೂ ನಕ್ಕರು. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ತಮ್ಮ ತಮ್ಮ ಜಾಗದಲ್ಲಿ ಕೂತರು. ಕೀಲಿಗಳ ಸದ್ದು ಬಂತು, ನಿಂತಿತು, ಮತ್ತೆ ಬಂತು. ಹತ್ತನೇ ತರಗತಿಯ ಒಬ್ಬ ಹುಡುಗಿ, ದೇವದುರ್ಗ ತಾಲೂಕಿನ ಜಾಲಹಳ್ಳಿ ಕಡೆಯವಳು, ಹೆಡ್‌ಫೋನ್ ತೆಗೆದು ನನ್ನ ಕಡೆ ಮುಖ ತಿರುಗಿಸಿದಳು.

"ಮೇಡಮ್ರೀ, ಅಕ್ಕ ಬರವಲ್ಲಳು."

ಅವಳು ಹೇಳಿದ್ದು ನೆಟ್‌ವರ್ಕಿನಲ್ಲಿದ್ದ ಒಂದು ಫೋಲ್ಡರಿನ ಬಗ್ಗೆ. ನಮ್ಮದು ರಾಯಚೂರಿನ ಅಂಚಿನಲ್ಲಿರುವ, ಕಣ್ಣು ಕಾಣದ ಹೆಣ್ಣುಮಕ್ಕಳ ವಸತಿ ಶಾಲೆ. ನಾನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಬ್ರೈಲ್ ಲಿಪಿಯ ಪಠ್ಯಪುಸ್ತಕಗಳು ನಮ್ಮಲ್ಲಿ ತರಗತಿಗೆ ಒಂದೇ ಪ್ರತಿ. ಕಣ್ಣಿದ್ದವರು ಒಂದು ಕೈಯಲ್ಲಿ ಹಿಡಿಯುವ ಪುಸ್ತಕ ಬ್ರೈಲ್‌ನಲ್ಲಿ ಒಂದು ಕಪಾಟಿನ ಅಂಕಣ ತುಂಬುತ್ತದೆ. ಹೀಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಲು ಶಾಲೆಯವರು ಒಬ್ಬಳನ್ನು ನೇಮಿಸಿಕೊಂಡಿದ್ದರು. ಮಾನ್ವಿಯವಳು, ಮನೆಯಲ್ಲಿ ದಖನಿ ಉರ್ದು ಮಾತಾಡುವವಳು. ನನ್ನ ಜೊತೆ ಮಾತಾಡುವಾಗ ಪಟಪಟ ಸಿಡಿಯುತ್ತಿದ್ದವಳು ಪುಸ್ತಕ ತೆರೆದರೆ ಒಂದಕ್ಷರಕ್ಕೂ ಅವಸರ ಮಾಡುತ್ತಿರಲಿಲ್ಲ. ಹುಡುಗಿಯರು ಅವಳನ್ನು ಓದೋ ಅಕ್ಕ ಎಂದು ಕರೆದರು. ಕೊನೆಗೆ ಮುಖ್ಯ ಗುರುಗಳೂ ಹಾಗೇ ಕರೆಯತೊಡಗಿದ್ದರು.

ಲ್ಯಾಬಿಗೆ ಹೊಂದಿಕೊಂಡ ಸಣ್ಣ ಕೋಣೆಯ ಗೋಡೆಗಳಿಗೆ ನಾವಿಬ್ಬರೂ ಸೇರಿ ಹಳೆಯ ಕೌದಿಗಳನ್ನು ಮೊಳೆ ಹೊಡೆದು ಕಟ್ಟಿದ್ದೆವು. ಹೊರಗಿನ ಸದ್ದು ಒಳಗೆ ಬರಬಾರದು, ಒಳಗಿನ ದನಿ ಗೋಡೆಗೆ ಬಡಿದು ಮಾರ್ದನಿಸಬಾರದು ಎಂದು. ಅವಳು ಅಲ್ಲಿ ಫ್ಯಾನ್ ಕೂಡ ಹಾಕದೆ ಕುಳಿತು ಓದುತ್ತಿದ್ದಳು. ಬೆವರಿನಿಂದ ತೊಯ್ದು ಹೊರಗೆ ಬಂದಾಗ ಇಬ್ಬರೂ ಡಬ್ಬಿ ಬಿಚ್ಚುತ್ತಿದ್ದೆವು. ನನ್ನ ಜೋಳದ ರೊಟ್ಟಿ ಅವಳಿಗೆ, ಅವಳ ಅನ್ನ ಮತ್ತು ಹುಳಿ ಬೇಳೆ ನನಗೆ. ಇದು ಎಂದೂ ಮಾತಾಡಿ ಮಾಡಿಕೊಂಡ ಏರ್ಪಾಡಲ್ಲ.

ಆ ಕೋಣೆಯ ಕಂಪ್ಯೂಟರಿಗೆ ನೆಟ್‌ವರ್ಕಿನಲ್ಲಿ 'ಓದು' ಎಂದು ಹೆಸರಿಟ್ಟಿದ್ದೆ. ಅದರೊಳಗೆ 'ಪಾಠ' ಎಂಬ ಫೋಲ್ಡರ್. ಅವಳು ಓದಿದ್ದೆಲ್ಲ ತರಗತಿ, ವಿಷಯ, ಪಾಠದ ಪ್ರಕಾರ ಅದರಲ್ಲಿ ಇರುತ್ತಿತ್ತು. ಆ ಫೋಲ್ಡರನ್ನು ಶೇರ್ ಮಾಡಿ, ಲ್ಯಾಬಿನ ಪ್ರತಿ ಕಂಪ್ಯೂಟರಿನಲ್ಲೂ ಅದಕ್ಕೆ ಒಂದು ಡ್ರೈವ್ ಅಕ್ಷರ ಕೊಟ್ಟಿದ್ದೆ. ಇದಕ್ಕೆ ಡ್ರೈವ್ ಮ್ಯಾಪ್ ಮಾಡುವುದು ಎನ್ನುತ್ತಾರೆ. ಪಕ್ಕದ ಕೋಣೆಯ ಫೋಲ್ಡರು ಇದೇ ಕಂಪ್ಯೂಟರಿನಲ್ಲಿ ಇದೆಯೇನೋ ಎಂಬಂತೆ ತೆರೆದುಕೊಳ್ಳುತ್ತದೆ. ಕಣ್ಣಿದ್ದವರು ನೆಟ್‌ವರ್ಕ್ ಚಿತ್ರದ ಮೇಲೆ ಕ್ಲಿಕ್ ಮಾಡುತ್ತಾ ಹುಡುಕಿಕೊಂಡು ಹೋಗಬಹುದು. ನಮ್ಮ ಹುಡುಗಿಯರು, ಪರದೆಯಲ್ಲಿದ್ದುದನ್ನು ದನಿಯಾಗಿಸುವ ಸ್ಕ್ರೀನ್ ರೀಡರ್ ಹೇಳಿದ್ದನ್ನು ಕೇಳುತ್ತಾ ಒಂದೊಂದೇ ಹೆಸರನ್ನು ದಾಟಬೇಕು. ಅಕ್ಷರವೊಂದಿದ್ದರೆ ಆ ಕಷ್ಟವಿಲ್ಲ.

ಯಾವ ಅಕ್ಷರ ಎಂದು ನಾನು ಯೋಚಿಸುತ್ತಿದ್ದಾಗ ಓದೋ ಅಕ್ಕ ಕೀಬೋರ್ಡಿನ ಮೇಲೆ ಕಣ್ಣು ಮುಚ್ಚಿ ಕೈಯಾಡಿಸಿದಳು. ಎಫ್ ಮತ್ತು ಜೆ ಕೀಲಿಗಳ ಮೇಲೆ ಸಣ್ಣ ಉಬ್ಬುಗೆರೆ ಇರುತ್ತದೆ.

"ಜೆ ಇಡು. ಬೆರಳಿಗೆ ತಾನಾ ಸಿಗತದ."

ಹೀಗೆ ಅವಳ ಫೋಲ್ಡರು ಜೆ ಆಯಿತು. ವಿಂಡೋಸ್ ಕೀಲಿಯೊಡನೆ ಆರ್ ಒತ್ತಿ, ಜೆ ಮತ್ತು ಕೋಲನ್ ಹೊಡೆದು ಎಂಟರ್ ಕೊಟ್ಟರೆ ಪಾಠಗಳ ಪಟ್ಟಿ ತೆರೆಯುತ್ತಿತ್ತು.

ಮಳೆಗಾಲದಲ್ಲಿ ಅವಳು ಚೊಚ್ಚಲ ಹೆರಿಗೆಗೆಂದು ಮಾನ್ವಿಯ ತವರಿಗೆ ಹೋದಳು. ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಕೊನೆಯ ಕೆಲವು ಪಾಠ ಉಳಿದಿದ್ದವು. "ಕೂಸಿಗೆ ಕುತ್ತಿಗಿ ನಿಂತ ಮ್ಯಾಲ ಬಂದು ಮುಗಸ್ತೀನಿ" ಎಂದಿದ್ದಳು. ಹುಡುಗಿಯರು ಅವಳ ಹೊಟ್ಟೆ ಮುಟ್ಟಿ ನೋಡಿ ಕಳಿಸಿಕೊಟ್ಟಿದ್ದರು. ನಾನು ಬಸ್ ಸ್ಟ್ಯಾಂಡಿನ ತನಕ ಹೋಗಿದ್ದೆ.

ಈಗ ಜೆ ತೆರೆಯುತ್ತಿರಲಿಲ್ಲ. ರಜೆಯಲ್ಲಿ ಎಲ್ಲ ಎಂಟು ಕಂಪ್ಯೂಟರುಗಳಲ್ಲೂ ಜೋಡಿಸಿ ನೋಡಿದ್ದೆ, ಚೆನ್ನಾಗಿಯೇ ಬಂದಿತ್ತು. ಅದಾದ ಮೇಲೆ ಅವು ತಾವೇ ಅಪ್‌ಡೇಟ್ ಆಗಿದ್ದವು. ನಾನು ಜಾಲಹಳ್ಳಿ ಹುಡುಗಿಯ ಹೆಡ್‌ಫೋನ್ ಹಾಕಿಕೊಂಡೆ. ಗುರುತಿಲ್ಲದವರಿಗೆ ಅತಿಥಿಯಾಗಿ ಒಳಗೆ ಬಿಡಲು ಭದ್ರತಾ ನಿಯಮ ಒಪ್ಪುವುದಿಲ್ಲ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಸ್ಕ್ರೀನ್ ರೀಡರ್ ಏರಿಳಿತವಿಲ್ಲದೆ ಓದಿ ಹೇಳಿತು. 'ಓದು' ಹಳೆಯ ಕಂಪ್ಯೂಟರು, ಅದರಲ್ಲಿ ವಿಂಡೋಸ್ ಏಳು. ಪಾಸ್‌ವರ್ಡ್ ಇಲ್ಲದೆ ಯಾರು ಬೇಕಾದರೂ ಬರಲಿ ಎಂದು ನಾನು ಫೋಲ್ಡರನ್ನು ತೆರೆದಿಟ್ಟಿದ್ದೆ. ಹೊಸ ಕಂಪ್ಯೂಟರುಗಳಿಗೆ ಅಂಥ ತೆರೆದ ಬಾಗಿಲು ಈಗ ಬೇಡವಾಗಿತ್ತು.

ಎರಡು ದಾರಿಗಳಿದ್ದವು. ಹೊಸ ಕಂಪ್ಯೂಟರುಗಳ ನಿಯಮ ಸಡಿಲಿಸುವುದು ಸುಲಭ. ಆದರೆ ಅವೆಲ್ಲ ಇಂಟರ್ನೆಟ್ಟಿಗೂ ಹೋಗುವ ಕಂಪ್ಯೂಟರುಗಳು. ಬಳಕೆಯ ಮೊದಲ ದಿನವೇ ಅವುಗಳ ಕಾವಲು ತೆಗೆಯಲು ಮನಸ್ಸಾಗಲಿಲ್ಲ. ಇನ್ನೊಂದು ದಾರಿ ಹಿಡಿದೆ. 'ಓದು' ಕಂಪ್ಯೂಟರಿನಲ್ಲಿ 'ಕೇಳು' ಎಂಬ ಹೊಸ ಬಳಕೆದಾರನನ್ನು ಸೃಷ್ಟಿಸಿ, ಪಾಸ್‌ವರ್ಡ್ ಕೊಟ್ಟು, ಫೋಲ್ಡರನ್ನು ಕೇಳಲು ಮಾತ್ರ ಅನುಮತಿಸಿದೆ. ಬರೆಯುವುದು, ಅಳಿಸುವುದು ಇಲ್ಲ. ಆಮೇಲೆ ಎಂಟೂ ಕಂಪ್ಯೂಟರುಗಳಲ್ಲಿ ಆ ಹೆಸರು, ಪಾಸ್‌ವರ್ಡ್ ಉಳಿಸಿ, ಜೆ ಡ್ರೈವನ್ನು ಹೊಸದಾಗಿ ಮ್ಯಾಪ್ ಮಾಡಿದೆ. ಕೆಲವಕ್ಕೆ 'ಓದು' ಎಂಬ ಹೆಸರಿನಿಂದ ದಾರಿ ಸಿಗಲಿಲ್ಲ. ಅವಕ್ಕೆ ಐಪಿ ವಿಳಾಸದ ಅಂಕಿಗಳನ್ನೇ ಕೊಟ್ಟೆ. ಸಂಜೆಯ ಹೊತ್ತಿಗೆ ಅಕ್ಕ ಎಲ್ಲರ ಕಿವಿಯಲ್ಲೂ ಓದತೊಡಗಿದಳು.

ಮರುದಿನ ಅರ್ಧ ಕಂಪ್ಯೂಟರುಗಳಲ್ಲಿ ಅಕ್ಕ ಮತ್ತೆ ಇಲ್ಲ. ಕರೆಂಟು ಹೋಗಿ ಬಂದಾಗ ರೌಟರು 'ಓದು' ಕಂಪ್ಯೂಟರಿಗೆ ಬೇರೆ ವಿಳಾಸ ಕೊಟ್ಟುಬಿಟ್ಟಿತ್ತು. ನಾನು ಕೊಟ್ಟಿದ್ದ ಅಂಕಿಗಳಲ್ಲಿ ಈಗ ಯಾರೂ ಇರಲಿಲ್ಲ. ವಿಳಾಸ ಬದಲಾಗದಂತೆ ಕಟ್ಟಿಹಾಕಿ ಮತ್ತೆ ಎಂಟೂ ಕಂಪ್ಯೂಟರುಗಳ ಮುಂದೆ ಕೂತು ಎದ್ದೆ.

ಆಗಲೇ ಜಾಲಹಳ್ಳಿ ಹುಡುಗಿ ಕೌದಿ ಕೋಣೆಯ ಬಾಗಿಲಲ್ಲಿ ನಿಂತು, "ಮೇಡಮ್ರೀ, ಅಕ್ಕನ ಕಂಪ್ಯೂಟರ್ ಹಲ್ಲು ಕಡಿಯಾಕತ್ತದ" ಎಂದಳು.

ಒಳಗೆ ಹೋಗಿ ಡಬ್ಬಕ್ಕೆ ಕಿವಿ ಹಚ್ಚಿದೆ. ಟಕ್, ಟಕ್, ಸ್ವಲ್ಪ ಹೊತ್ತು ಮೌನ, ಮತ್ತೆ ಟಕ್. ಹಾರ್ಡ್‌ಡಿಸ್ಕ್ ಸಾಯುವಾಗ ಮಾಡುವ ಸದ್ದು. ಅದರ ಇನ್ನೊಂದು ಪ್ರತಿ ಹೊರಗಿನ ಡಿಸ್ಕಿನಲ್ಲಿ ಇತ್ತು ನಿಜ, ಆದರೆ ಅದು ಹಿಂದಿನ ಬೇಸಿಗೆಯದು. ಆಮೇಲೆ ಓದಿದ್ದೆಲ್ಲ, ಅಂದರೆ ಈ ವರ್ಷದ ಹತ್ತನೇ ತರಗತಿಯದು, ಇಲ್ಲಿ ಮಾತ್ರ.

ಕಂಪ್ಯೂಟರನ್ನು ಬಂದ್ ಮಾಡಿದರೆ ಮತ್ತೆ ಎದ್ದೇಳುತ್ತದೆ ಎಂಬ ಭರವಸೆ ಇರಲಿಲ್ಲ. ಡಬ್ಬದ ಬದಿ ಬಿಚ್ಚಿ, ಟೇಬಲ್ ಫ್ಯಾನನ್ನು ನೇರ ಡಿಸ್ಕಿನ ಕಡೆ ತಿರುಗಿಸಿದೆ. ಹುಡುಗಿಯರಿಗೆ ಇವತ್ತು ಯಾರೂ ಜೆ ತೆರೆಯಬೇಡಿರೆಂದೆ. ನಕಲು ಮಾಡಲು ಮೌಸಿನಿಂದ ಎಳೆದು ಬಿಡುವ ವಿಧಾನ ಬಿಟ್ಟು ಆಜ್ಞೆ ಬರೆದು ಮಾಡುವ ವಿಧಾನ ಹಿಡಿದೆ. ಡಿಸ್ಕಿನಲ್ಲಿ ಕೆಟ್ಟ ಜಾಗ ಸಿಕ್ಕಾಗ ಆ ಆಜ್ಞೆಯನ್ನು ಅದರ ಪಾಡಿಗೆ ಬಿಟ್ಟರೆ ಅದು ಹತ್ತು ಲಕ್ಷ ಸಲ ಯತ್ನಿಸುತ್ತಲೇ ಇರುತ್ತದೆ. ಅಷ್ಟರಲ್ಲಿ ಡಿಸ್ಕಿನ ಆಯುಷ್ಯ ತೀರುತ್ತದೆ. ಒಂದು ಸಲ ನೋಡು, ಸಿಗದಿದ್ದರೆ ಮುಂದಕ್ಕೆ ಹೋಗು ಎಂದು ಬರೆದೆ. ಮೊದಲು ಹತ್ತನೇ ತರಗತಿ, ಆಮೇಲೆ ಒಂಬತ್ತು, ಹೀಗೆ ಕೆಳಗಿಳಿಯುವ ಕ್ರಮ. ಫೈಲುಗಳು ಲ್ಯಾಬಿನ ಒಂದು ಹೊಸ ಕಂಪ್ಯೂಟರಿಗೆ ಹರಿಯತೊಡಗಿದವು. ಹುಡುಗಿಯರು ಊಟಕ್ಕೆ ಹೋಗದೆ ಬಾಗಿಲಲ್ಲಿ ನಿಂತು ಆ ಟಕ್ ಸದ್ದನ್ನೇ ಆಲಿಸುತ್ತಿದ್ದರು.

ಆರನೇ ತರಗತಿಯ ಕನ್ನಡದ ನಡುವೆ ಡಿಸ್ಕ್ ನಿಂತುಹೋಯಿತು. ಹೊರಗಿನ ಪ್ರತಿಯಿಂದ ಕೆಳಗಿನ ತರಗತಿಗಳನ್ನು ತುಂಬಿಕೊಂಡೆ. ಹತ್ತನೆಯದರಲ್ಲಿ ಎಲ್ಲ ಬಂದಿತ್ತು, ಸಮಾಜ ವಿಜ್ಞಾನದ ಎರಡು ಪಾಠ ಬಿಟ್ಟು. ಹೊಸ ಕಂಪ್ಯೂಟರಿಗೆ 'ಓದು' ಎಂಬ ಹಳೆಯ ಹೆಸರನ್ನೇ ಇಟ್ಟು, ಹಳೆಯ ವಿಳಾಸವನ್ನೇ ಕೊಟ್ಟು, 'ಪಾಠ' ಫೋಲ್ಡರನ್ನು ಅದೇ ರೀತಿ ಶೇರ್ ಮಾಡಿದೆ. ಉಳಿದ ಏಳು ಕಂಪ್ಯೂಟರುಗಳಿಗೆ ನಡುವೆ ಏನಾಯಿತೆಂಬುದೇ ತಿಳಿಯಲಿಲ್ಲ. ಜೆ ಒತ್ತಿದರು, ಅಕ್ಕ ಬಂದಳು.

ಕಳೆದುಹೋದ ಎರಡು ಪಾಠ, ಅವಳು ಓದದೇ ಉಳಿಸಿದ್ದ ಐದು. ಪರೀಕ್ಷೆ ಬೇಸಿಗೆಯ ಬಾಗಿಲಲ್ಲಿತ್ತು.

ಮುಖ್ಯ ಗುರುಗಳು ಸರಳ ಉಪಾಯ ಹೇಳಿದರು. "ನೋಡ್ರಿ ಟೀಚರ್, ಮಷೀನು ಕನ್ನಡ ಓದತದಲ್ಲ, ಅದನ್ನ ಹಚ್ಚಿಬಿಡ್ರಿ." ಹಚ್ಚಿದೆ. ಹುಡುಗಿಯರು ಒಂದು ವಾರ ಕೇಳಿದರು. ದಿನವಿಡೀ ಸ್ಕ್ರೀನ್ ರೀಡರ್ ಕೇಳುವ ಮಕ್ಕಳಿಗೆ ಯಂತ್ರದ ದನಿ ಹೊಸದಲ್ಲ. ಫೈಲಿನ ಹೆಸರು ಹೇಳಲು ಅದು ಸಾಕು. ಒಂದು ಇಡೀ ಪಾಠವನ್ನು ಅದೇ ದನಿಯಲ್ಲಿ ಕೇಳಿದರೆ ಯಾವ ವಾಕ್ಯ ಎಲ್ಲಿ ಮುಗಿಯಿತೆಂದು ಹಿಡಿಯಲು ತಲೆನೋವು ಬರುತ್ತಿತ್ತು. ಕೆಲವರು ಮತ್ತೆ ಅಕ್ಕ ಓದಿದ್ದ ಹಳೆಯ ಪಾಠಗಳಿಗೇ ಹೋಗಿ ಕೂತರು. ಬಾಯಿಪಾಠವಾಗಿದ್ದರೂ ಕೇಳುತ್ತಿದ್ದರು.

"ಅಕ್ಕ ಯಾವಾಗ ಬರ್ತಾಳ್ರಿ?" ಎಂದು ದಿನವೂ ಒಬ್ಬಳಾದರೂ ಕೇಳುತ್ತಿದ್ದಳು. ನನಗೂ ಗೊತ್ತಿರಲಿಲ್ಲ. ಕೂಸು ಹುಟ್ಟಿದಾಗ ಒಂದು ಫೋಟೋ ಕಳಿಸಿದ್ದಳು. ಆಮೇಲೆ ಅವಳ ಫೋನು ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ರೊಟ್ಟಿ ಒಂದು ಹೆಚ್ಚೇ ಇರುತ್ತಿತ್ತು. ಕಟ್ಟುವಾಗ ಕೈಗೆ ಅದೇ ರೂಢಿಯಾಗಿತ್ತು.

ಒಂದು ಭಾನುವಾರ ಮಾನ್ವಿಗೆ ಹೋದೆ. ಅವಳ ತವರುಮನೆ ಮಾರ್ಕೆಟಿನ ಹಿಂದಿನ ಓಣಿಯಲ್ಲಿತ್ತು. ಅವಳ ತಾಯಿ ಬಾಗಿಲಲ್ಲೇ ನನ್ನ ಗುರುತು ಹಿಡಿದರು.

"ಬಾ ಬೇಟಿ, ಕುಂದ್ರು. ಆಕಿ ಇಲ್ಲಲ್ಲವಾ. ಅಳಿಯ ಬಂದು ಕರ್ಕೊಂಡು ಹೋದ. ದೇವದುರ್ಗದಾಗ ದುಕಾನ ಹಾಕ್ಯಾನ."

"ಹಂಗಾರ ರಾಯಚೂರಿಗೆ ಬರಂಗಿಲ್ಲೇನ್ರೀ?"

"ಇನ್ನ ಅಲ್ಲೇ ಸಂಸಾರ. ನಿನಗ ಹೇಳಿಲ್ಲೇನು?"

ಇಲ್ಲ ಎನ್ನಲು ನಾಚಿಕೆಯಾಗಿ, ಹೇಳಿದ್ದಳು, ನಾನೇ ಮರೆತೆ ಎಂದೆ. ಅವರು ಚಹಾ ಕೊಟ್ಟರು. ಗೋಡೆಯ ಮೊಳೆಗೆ ಕೂಸಿನ ಒಂದು ಟೊಪ್ಪಿಗೆ ತೂಗುಹಾಕಿತ್ತು. ಬಿಟ್ಟು ಹೋಗಿದ್ದಾರೆ, ಯಾರಾದರೂ ಆ ಕಡೆ ಹೋಗುವವರಿದ್ದರೆ ಕಳಿಸಬೇಕು ಎಂದರು. ನಾನು ಹೋಗುತ್ತೇನೆಂದು ಇಸಿದುಕೊಂಡೆ.

ಮುಂದಿನ ಭಾನುವಾರ ದೇವದುರ್ಗದ ಬಸ್ಸು ಹತ್ತಿದೆ. ಗಬ್ಬೂರು ನನ್ನೂರು. ಕೂಲಿ ಮಾಡುತ್ತಿದ್ದ ನಮ್ಮವ್ವ ಇದೇ ರಸ್ತೆಯ ಬದಿಯ ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದಳು. ಅವತ್ತು ಬಸ್ಸು ಗಬ್ಬೂರಿನಲ್ಲಿ ನಿಂತಾಗಲೂ ನಾನು ಇಳಿಯಲಿಲ್ಲ. ಕಿಟಕಿಯಿಂದ ಪರಿಚಯದವರು ಯಾರಾದರೂ ಕಂಡಾರು ಎಂದು ಮುಖ ಒಳಗೆ ಮಾಡಿ ಕೂತೆ. ಮಾತಾಡಿಸಿದರೆ ಎಲ್ಲಿಗೆ ಹೊರಟೆ ಎಂದು ಕೇಳುತ್ತಾರೆ. ಗೆಳತಿ ಫೋನ್ ಎತ್ತುವುದಿಲ್ಲ, ಅದಕ್ಕೆ ಹೊರಟೆ ಎಂದು ಹೇಗೆ ಹೇಳುವುದು?

ಬಸ್ ಸ್ಟ್ಯಾಂಡಿನ ಎದುರೇ ಅವಳ ಗಂಡನ ಫ್ಯಾನ್ಸಿ ಸ್ಟೋರ್. ಬಳೆ, ರಿಬ್ಬನ್ನು, ಮಕ್ಕಳ ಆಟಿಗೆ. ಅಂಗಡಿಯ ಹಿಂದೆ ಒಂದು ಕೋಣೆ, ಅಲ್ಲೇ ಮನೆ. ಅವನು ಒಳಗೆ ಕೂಗಿ ನನ್ನನ್ನು ಕಳಿಸಿದ. ಅವಳು ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಎದ್ದೇಳಲೂ ಆಗದೆ, ಕೂರಲೂ ಆಗದೆ, "ಅರೆ" ಎಂದಷ್ಟೇ ಅಂದಳು. ನಾನು ಟೊಪ್ಪಿಗೆ ತೆಗೆದು ಕೊಟ್ಟೆ. ಅದನ್ನು ಕೈಯಲ್ಲಿ ಹಿಡಿದು ಅವಳು ಅತ್ತಳು.

"ಫೋನ್ ಯಾಕ ಎತ್ತವಲ್ಲಿ?" ಎಂದೆ.

"ಎತ್ತಿದ್ರ ಯಾವಾಗ ಬರ್ತಿ ಅಂತಿದ್ದಿ. ಬರಂಗಿಲ್ಲ ಅಂತ ನನ್ನ ಬಾಯಿಲೇ ಹೆಂಗ ಹೇಳ್ಲಿ? ದಿನಾ ಇವತ್ತ ಹೇಳಬೇಕು, ಇವತ್ತ ಹೇಳಬೇಕು ಅಂತ ಫೋನ್ ಕೈಯಾಗ ಹಿಡೀತಿದ್ದೆ."

ಗಂಡ ಒಳ್ಳೆಯವನು, ಬೇಡ ಎಂದವನಲ್ಲ. ರಾಯಚೂರಿನಲ್ಲಿ ಅವನಿದ್ದ ಅಂಗಡಿ ಮುಚ್ಚಿತ್ತು. ಇಲ್ಲಿ ಸ್ವಂತದ್ದು ಸಿಕ್ಕಿತು. ಎಳೆಗೂಸನ್ನು ಕಟ್ಟಿಕೊಂಡು ದಿನಾ ಬಸ್ಸಿನಲ್ಲಿ ಬರಲಾಗುತ್ತದೆಯೇ? ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಏನೂ ಸಿಗಲಿಲ್ಲ. ತಪ್ಪು ಸಿಕ್ಕಿದ್ದರೆ ಚೆನ್ನಾಗಿತ್ತು ಎನಿಸಿತು.

ಡಿಸ್ಕಿನ ಸಂಗತಿ, ಉಳಿದ ಏಳು ಪಾಠಗಳ ಸಂಗತಿ ಹೇಳಿದೆ. ಅವಳು ಕಣ್ಣೊರೆಸಿಕೊಂಡು, "ಪುಸ್ತಕ ತಂದೀಯೇನು?" ಎಂದಳು. ತಂದಿದ್ದೆ. ಅವಳು ನಿದ್ದೆ ಹೋಗಿದ್ದ ಕೂಸನ್ನು ಪಕ್ಕಕ್ಕೆ ಮಲಗಿಸಿ, ಹಾಸಿಗೆಯ ಮೇಲಿದ್ದ ಕೌದಿಯನ್ನೆತ್ತಿ ನಮ್ಮಿಬ್ಬರ ತಲೆಯ ಮೇಲೆ ಹೊದಿಸಿದಳು. ನಾನು ಒಂದು ಕೈಯಲ್ಲಿ ಫೋನಿನ ರೆಕಾರ್ಡರ್, ಇನ್ನೊಂದರಲ್ಲಿ ಬ್ಯಾಟರಿ ದೀಪ ಹಿಡಿದೆ. ಕೌದಿಯ ಒಳಗೆ ಉಸಿರು ಬಿಸಿಯಾಯಿತು. ಅವಳು ಪಾಠದ ಹೆಸರು ಹೇಳಿ ಓದತೊಡಗಿದಳು. ಅದೇ ದನಿ, ಅದೇ ನಿಧಾನ. ಹೊರಗೆ ಕಂಡಕ್ಟರನೊಬ್ಬ "ರಾಯಚೂರ, ರಾಯಚೂರ" ಎಂದು ಕೂಗುತ್ತಿದ್ದ. ಅವಳು ನಿಲ್ಲಿಸಲಿಲ್ಲ. ನಾಲ್ಕೈದು ಪುಟವಾಗುವಷ್ಟರಲ್ಲಿ ಕೂಸು ಎದ್ದು ಅಳತೊಡಗಿತು. ಅವಳು ಕೌದಿ ಸರಿಸಿ ಅದನ್ನೆತ್ತಿಕೊಂಡಳು. ಸಮಾಧಾನ ಮಾಡಿ ಮತ್ತೆ ಕೂತಳು. ಅಂಗಡಿಯಿಂದ ಗಂಡ ಚಿಲ್ಲರೆ ಕೇಳಿದ. ಮತ್ತೆ ಕೂತಳು. ಕೂಸು ಮತ್ತೆ ಅತ್ತಿತು.

"ಆಗಂಗಿಲ್ಲ ನೋಡು" ಎಂದಳು ಪುಸ್ತಕ ಮುಚ್ಚಿ. "ಒಂದು ಪಾಠಕ್ಕ ಎಷ್ಟೊತ್ತು ಸುಮ್ನಿರೋ ಮನಿ ಬೇಕು, ನಿನಗ ಗೊತ್ತದ. ಇದು ಅಂಥ ಮನಿ ಅಲ್ಲ. ಹುಡುಗ್ಯಾರಿಗೆ ಹೇಳು."

"ಏನಂತ ಹೇಳ್ಲಿ?"

ಅವಳು ಕೂಸನ್ನು ನನ್ನ ತೊಡೆಯ ಮೇಲಿಟ್ಟು ಒಲೆ ಹಚ್ಚಿದಳು. ಉಂಡು ಹೋಗು ಎಂದಳು. ಅನ್ನ, ಹುಳಿ ಬೇಳೆ. ನಾನು ಉಂಡೆ.

ಆ ಅರ್ಧ ಪಾಠವನ್ನು ಸೋಮವಾರ ಜೆ ಡ್ರೈವಿಗೆ ಹಾಕಿದೆ. ಅಳುವಿನ ಭಾಗ ಕತ್ತರಿಸಬೇಕೆಂದುಕೊಂಡವಳು ಕತ್ತರಿಸಲಿಲ್ಲ. ಹುಡುಗಿಯರು ಪಾಠ ಕೇಳಿದರು, ಆಮೇಲೆ ಕೂಸು ಅಳುವ ಜಾಗಕ್ಕೆ ಮತ್ತೆ ಮತ್ತೆ ಹೋದರು. "ಹೆಣ್ಣೇನ್ರಿ?" ಎಂದು ಒಬ್ಬಳು ಕೇಳಿದಳು. ಹೌದೆಂದೆ. "ದನಿ ಅಕ್ಕಂದೇ ಬಂದದ" ಎಂದು ಇನ್ನೊಬ್ಬಳು ತೀರ್ಮಾನ ಮಾಡಿದಳು.

ಜಾಲಹಳ್ಳಿ ಹುಡುಗಿ ಮಾತ್ರ ನಗಲಿಲ್ಲ. ಎಲ್ಲರೂ ಹೋದ ಮೇಲೂ ಕೂತೇ ಇದ್ದಳು.

"ಅಕ್ಕ ಬರಂಗಿಲ್ಲಲ್ರೀ?"

"ಇಲ್ಲವಾ" ಎಂದೆ. ಅಷ್ಟು ದಿನ ಯಾರಿಗೂ ಹೇಳದೆ ಇದ್ದ ಮಾತು ಸುಲಭವಾಗಿ ಬಾಯಿಂದ ಬಿತ್ತು.

ಅವಳು ಕೀಬೋರ್ಡಿನ ಅಂಚನ್ನು ಉಜ್ಜಿದಳು. "ಬ್ರೈಲ್ ಪುಸ್ತಕ ಒಂದ ಅದ. ಒಬ್ಬಾಕಿ ಓದಿದ್ರ ಉಳದಾರು ಕಾಯಬೇಕು. ಆ ಒಬ್ಬಾಕಿ ಜೋರಾಗಿ ಓದಿದ್ರ? ನಾ ಓದ್ತೀನ್ರೀ. ನೀವು ಅದನ್ನ ಜೆದಾಗ ಇಡ್ರಿ."

ಇದು ನನಗೆ ಹೊಳೆದಿರಲಿಲ್ಲ. ಆದರೆ ಕೇಳಿದ ಕೂಡಲೇ ಹೂಂ ಎನ್ನಲೂ ಆಗಲಿಲ್ಲ. ಒಮ್ಮೆ ಕೆಳಗಿನ ತರಗತಿಯ ಮಗುವೊಂದು ಗೊತ್ತಿಲ್ಲದೆ ಒಂದು ಇಡೀ ವಿಷಯವನ್ನು ಅಳಿಸಿಹಾಕಿತ್ತು. ಓದೋ ಅಕ್ಕ ಎರಡು ದಿನ ಯಾರ ಹತ್ತಿರವೂ ಮಾತಾಡಿರಲಿಲ್ಲ. ಆಮೇಲೆ ನಾನು ಫೋಲ್ಡರನ್ನು ಕೇಳಲಷ್ಟೇ ಬಿಟ್ಟಿದ್ದೆ. ನಾನೇ ರೆಕಾರ್ಡ್ ಮಾಡಿ, ನಾನೇ ಹಾಕಬಹುದಿತ್ತು. ಆದರೆ ಹತ್ತನೆಯವರು ಏಳೂ ಪಾಠ ಹಂಚಿಕೊಂಡು ಓದುವುದಾದರೆ, ಬೆಳಿಗ್ಗೆ ಒಬ್ಬಳು, ಸಂಜೆ ಒಬ್ಬಳು ಓದುವುದಾದರೆ, ಅವರೇ ಉಳಿಸಿ, ತಪ್ಪಿದ್ದನ್ನು ಅವರೇ ಅಳಿಸಿ ಮತ್ತೆ ಓದುವಂತಿರಬೇಕು.

ಅವತ್ತು ಮನೆಗೆ ಹೋಗಿ ಯೋಚಿಸಿದೆ. ಮರುದಿನ ಬೇಗ ಬಂದು 'ಪಾಠ'ದ ಒಳಗೆ ಎರಡು ಫೋಲ್ಡರುಗಳನ್ನು ಮಾಡಿದೆ. ಒಂದು 'ಓದೋ ಅಕ್ಕ'. ಅವಳು ಓದಿದ್ದೆಲ್ಲವನ್ನೂ, ಆ ಅರ್ಧ ಪಾಠವನ್ನೂ ಅದರಲ್ಲಿಟ್ಟೆ. ಅದು ಎಂದಿನಂತೆ ಕೇಳಲು ಮಾತ್ರ. ಇನ್ನೊಂದು 'ನಾವು'. ಅದರಲ್ಲಿ ಬರೆಯಬಹುದು, ಬದಲಿಸಬಹುದು, ಅಳಿಸಬಹುದು. ಹತ್ತನೆಯವರಿಗೆಂದು ಬೇರೊಂದು ಬಳಕೆದಾರನ ಹೆಸರು ಮಾಡಿ ಅದಕ್ಕೆ ಈ ಅನುಮತಿ ಕೊಟ್ಟೆ.

ಮೊದಲ ಸಲ ಉಳಿಸಲು ಹೋದಾಗ ಅನುಮತಿ ಇಲ್ಲ ಎಂದಿತು. ಫೋಲ್ಡರಿಗೆ ಕೊಟ್ಟಿದ್ದೆ, ಶೇರಿಗೆ ಕೊಡುವುದನ್ನು ಬಿಟ್ಟಿದ್ದೆ. ನೆಟ್‌ವರ್ಕಿನಲ್ಲಿ ಈ ಎರಡೂ ಬೇರೆ ಬೇರೆ. ಗೇಟು ದಾಟಲು ಒಂದು ಒಪ್ಪಿಗೆ, ಮನೆಯೊಳಗೆ ಹೋಗಲು ಇನ್ನೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಶೇರಿನ ಅನುಮತಿಯನ್ನೂ ಬದಲಿಸಿದೆ. ಒಳಗಿನ 'ಓದೋ ಅಕ್ಕ' ಫೋಲ್ಡರಿನ ಬಿಗಿ ಹಾಗೇ ಉಳಿದ ಕಾರಣ ಅದಕ್ಕೆ ತೊಂದರೆಯಾಗಲಿಲ್ಲ. ಪರೀಕ್ಷಿಸಲೆಂದು ಅಲ್ಲಿ ಒಂದು ಫೈಲು ಅಳಿಸಲು ನಾನೇ ಹುಡುಗಿಯರ ಹೆಸರಿನಲ್ಲಿ ಹೋಗಿ ನೋಡಿದೆ. ಅಳಿಸಲು ಬಿಡಲಿಲ್ಲ. ಆ ನಿರಾಕರಣೆಯಿಂದ ನನಗೆ ಸಮಾಧಾನವಾಯಿತು.

ಜಾಲಹಳ್ಳಿ ಹುಡುಗಿ ಕೌದಿ ಕೋಣೆಯಲ್ಲಿ ಬ್ರೈಲ್ ಸಂಪುಟವನ್ನು ತೊಡೆಯ ಮೇಲೆ ಹರಡಿಕೊಂಡು ಕೂತಳು. ಮೈಕಿನಲ್ಲಿ ಅವಳ ಬೆರಳುಗಳು ಕಾಗದದ ಮೇಲೆ ಸರಿಯುವ ಸದ್ದೂ ಬರುತ್ತಿತ್ತು. ಮೈಕನ್ನು ದೂರವಿಟ್ಟು ನೋಡಿದೆ, ಪುಸ್ತಕದ ಕೆಳಗೆ ದಿಂಬು ಇಟ್ಟು ನೋಡಿದೆ. ಕೊನೆಗೆ ಅದು ಇರಲಿ ಎಂದು ಬಿಟ್ಟೆವು. ಬಲಗೈ ಒಂದು ಸಾಲು ಮುಗಿಸುವ ಮೊದಲೇ ಎಡಗೈ ಮುಂದಿನ ಸಾಲಿನ ಮೊದಲು ಹುಡುಕಿ ನಿಂತಿರುತ್ತಿತ್ತು. ಹಾಗಾಗಿ ಅವಳ ಓದು ಎಲ್ಲೂ ತುಂಡಾಗುತ್ತಿರಲಿಲ್ಲ. ಆದರೆ ಮೊದಮೊದಲು ಅವಸರ ಮಾಡುತ್ತಿದ್ದಳು. ತಾನೇ ಕೇಳಿ, ತಾನೇ ಅಳಿಸಿ, ಮತ್ತೆ ಓದುತ್ತಿದ್ದಳು. ಉಳಿದವರೂ ಓದಿದರು. ಒಬ್ಬಳಿಗೆ ಶ, ಷ ಒಂದೇ ಆಗುತ್ತಿತ್ತು. ಇನ್ನೊಬ್ಬಳು ಇಸವಿ ಬಂದಾಗಲೆಲ್ಲ ದನಿ ಏರಿಸುತ್ತಿದ್ದಳು. ನಾನು ದಿನಾ ಸಂಜೆ ಜೆ ಡ್ರೈವನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿ ಮನೆಗೆ ಹೋಗುತ್ತಿದ್ದೆ. ಬಿಸಿಲು ಏರುವ ಮೊದಲೇ ಏಳೂ ಪಾಠ ಮುಗಿದವು.

ಪರೀಕ್ಷೆಯಲ್ಲಿ ಅವರು ಬಾಯಲ್ಲಿ ಹೇಳಿದ ಉತ್ತರವನ್ನು ಬೇರೆಯವರು ಬರೆದರು. ಮುಗಿದ ಮೇಲೆ ಒಬ್ಬೊಬ್ಬರೇ ಊರಿಗೆ ಹೊರಟರು. ಜಾಲಹಳ್ಳಿ ಹುಡುಗಿ ತನ್ನ ಫೋನಿನ ಮೆಮೊರಿ ಕಾರ್ಡು ತಂದು, ಅಕ್ಕ ದೇವದುರ್ಗದಲ್ಲಿ ಓದಿದ ಆ ಅರ್ಧ ಪಾಠ ಹಾಕಿಕೊಡಲು ಹೇಳಿದಳು. ಆ ಪಾಠದಿಂದ ಇನ್ನು ಅವಳಿಗೆ ಯಾವ ಅಂಕವೂ ಬರಬೇಕಿರಲಿಲ್ಲ. ಹಾಕಿಕೊಟ್ಟೆ.

ಬೇಸಿಗೆ ರಜೆಯ ಒಂದು ಮಧ್ಯಾಹ್ನ, ಲ್ಯಾಬಿನ ಕಿಟಕಿಗಳಿಗೆ ಒದ್ದೆ ಚಾದರ ಕಟ್ಟಿ ನಾನೊಬ್ಬಳೇ ಕೀಬೋರ್ಡುಗಳ ಧೂಳು ತೆಗೆಯುತ್ತಿದ್ದಾಗ, ಬಾಗಿಲಲ್ಲಿ ಓದೋ ಅಕ್ಕ ನಿಂತಿದ್ದಳು. ಗಂಡ ಅಂಗಡಿಗೆ ಸಾಮಾನು ತರಲು ರಾಯಚೂರಿಗೆ ಬಂದಿದ್ದ, ಜೊತೆಗೆ ಹೊರಟು ಬಂದಿದ್ದಳು. ಕಂಕುಳಲ್ಲಿ ಕೂಸು. ಕೈಚೀಲದಲ್ಲಿ ಹುಡುಗಿಯರಿಗೆಂದು ತಂದ ರಿಬ್ಬನ್ನು, ಬಳೆ.

"ಹುಡುಗ್ಯಾರೆಲ್ಲ ಎಲ್ಲಿ?" ಎಂದಳು.

"ಸೂಟಿ ಅಲ್ಲ? ಊರಿಗೆ ಹೋಗ್ಯಾರ."

ಅವಳು ಖಾಲಿ ಕುರ್ಚಿಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯ ತನಕ ನೋಡಿದಳು. "ಸೂಟಿ ಅನ್ನೋದ ಮರ್ತಿದ್ದೆ ನೋಡು" ಎಂದು ಕೈಚೀಲವನ್ನು ಮೇಜಿನ ಮೇಲಿಟ್ಟಳು. ನಾನು ಕೂಸನ್ನು ಇಸಿದುಕೊಂಡೆ. ಹುಡುಗಿಯರು ತಾವೇ ಓದಿ ಮುಗಿಸಿದರೆಂದು ಹೇಳಿದೆ. ಅವಳಿಗೆ ನಂಬಿಕೆಯಾಗಲಿಲ್ಲ. ಜಾಲಹಳ್ಳಿ ಹುಡುಗಿಯ ಜಾಗ ಯಾವುದೆಂದು ಕೇಳಿ, ಅಲ್ಲಿ ಕೂತು, ಹೆಡ್‌ಫೋನ್ ಹಾಕಿಕೊಂಡು ಜೆ ಹೊಡೆದಳು. 'ನಾವು' ಫೋಲ್ಡರಿನಲ್ಲಿ ಕೊನೆಯ ಪಾಠವನ್ನು ತೆರೆದಳು.

ಪಾಠ ಮುಗಿಯುವ ತನಕ ಅವಳು ಅಲುಗಾಡಲಿಲ್ಲ. ನಡುನಡುವೆ ತುಟಿಗಳು ಮಾತ್ರ ಆಡುತ್ತಿದ್ದವು. ಕೂಸು ನನ್ನ ಹೆಗಲ ಮೇಲೆ ನಿದ್ದೆ ಹೋಯಿತು. ಕೊನೆಗೆ ಅವಳು ಹುಬ್ಬು ಗಂಟಿಕ್ಕಿ, "ಇದೇನಿದು, ಇನ್ನೂ ಅದ" ಎಂದು ಹೆಡ್‌ಫೋನಿನ ವಯರನ್ನು ಕಿತ್ತಳು. ಸದ್ದು ಲ್ಯಾಬಿನೊಳಗೆ ತೆರೆದುಕೊಂಡಿತು.

ಪಾಠ ಮುಗಿದ ಮೇಲೆ ರೆಕಾರ್ಡರನ್ನು ನಿಲ್ಲಿಸುವುದು ಆ ದಿನ ನನಗೂ ಜಾಲಹಳ್ಳಿ ಹುಡುಗಿಗೂ ನೆನಪಾಗಿರಲಿಲ್ಲ. ದಪ್ಪ ಸಂಪುಟ ಮುಚ್ಚುವ ಸದ್ದು. ಕುರ್ಚಿ ಎಳೆಯುವ ಸದ್ದು. ಆಮೇಲೆ ಜಾಲಹಳ್ಳಿ ಹುಡುಗಿಯ ದನಿ: "ಮೇಡಮ್ರೀ, ಇದನ್ನ ಅಕ್ಕ ಕೇಳ್ತಾಳೇನ್ರಿ?"

ದೂರದಿಂದ ನನ್ನ ದನಿ: "ಕೇಳ್ತಾಳ ತಗೋ."

ನಾನು ಆಗ ಏನೋ ಕೆಲಸ ಮಾಡುತ್ತಾ ಸುಮ್ಮನೆ ಅಂದಿರಬೇಕು. ನನಗೆ ನೆನಪೇ ಇರಲಿಲ್ಲ.

"ಕೇಳಿದ್ರ ನನಗ ಹೇಳ್ರಿ ಮತ್ತ. ನಾ ಅವಸರ ಮಾಡಿಲ್ಲ."

ಅಲ್ಲಿಗೆ ಫೈಲು ಮುಗಿಯಿತು. ಓದೋ ಅಕ್ಕ ಪರದೆಯನ್ನೇ ನೋಡುತ್ತಾ ಕೂತಳು. ಅವಳ ಫೋನು ರಿಂಗಾಯಿತು. ಗಂಡ ಗೇಟಿನ ಹತ್ತಿರ ಆಟೋದಲ್ಲಿ ಕಾಯುತ್ತಿದ್ದ. ಬಂದೆ ಎಂದು ಹೇಳಿ ಫೋನನ್ನು ಬೋರಲು ಹಾಕಿದಳು.

"ಇನ್ನೊಂದು ಸಲ ಹಚ್ಚು" ಎಂದಳು.

ಕೀಬೋರ್ಡು ಅವಳ ಮುಂದೆಯೇ ಇತ್ತು. ಆದರೂ ನಾನೇ ಬಗ್ಗಿ ಎಂಟರ್ ಒತ್ತಿದೆ. ಪಾಠ ಮೊದಲಿನಿಂದ ಶುರುವಾಯಿತು. ಅವಳು ಆಟೋ ಹಾರ್ನ್ ಹೊಡೆಯುವ ತನಕ ಕೇಳಿ, ಎದ್ದು, ನನ್ನ ಹೆಗಲಿಂದ ಕೂಸನ್ನು ಎತ್ತಿಕೊಂಡು ಹೋದಳು.

ಅವತ್ತು ಸಂಜೆ ನಾನು ಜಾಲಹಳ್ಳಿಗೆ ಫೋನ್ ಮಾಡಿದೆ. ಮನೆಯವರು ಯಾರೋ ಎತ್ತಿ ಹುಡುಗಿಯನ್ನು ಕರೆದರು.

"ಅಕ್ಕ ಬಂದಿದ್ಲವಾ. ನೀ ಓದಿದ್ದು ಕೇಳಿದ್ಲು."

"ಪೂರಾ ಕೇಳಿದ್ಲೇನ್ರಿ?"

"ಪೂರಾ."

"ಏನಂದ್ಲು?"

"ಇನ್ನೊಂದು ಸಲ ಹಚ್ಚು ಅಂದ್ಲು."